ಕತ್ತರಿಯ ದೂರಕ್ಕೊಂದು ಕನ್ನಡಕ

ಇವತ್ತು ನನ್ನ ಮಗಳು ಪುಟ್ಟಿಯ ಕೂದಲನ್ನು ಅವಳ ತಾತನೇ ಕತ್ತರಿಸಿದರು! ಅವಳಿಗಿಂತ ನಾನೇ ಹೆಚ್ಚು ಕುಣಿದೆನೇನೋ.

ನಮ್ಮ ಮಾವನದು ಕಟಿಂಗ್ ಅಂಗಡಿ. ಮನೆಯ ಮುಂದಿನ ಕೋಣೆಯಲ್ಲೇ ಒಂದು ತಿರುಗುವ ಕುರ್ಚಿ, ಅದರೆದುರು ಗೋಡೆಯಗಲದ ಕನ್ನಡಿ. ಕೂದಲಿಗೆ ತಾಗಿಸುವ ಮೊದಲು ಕತ್ತರಿಯನ್ನು ಗಾಳಿಯಲ್ಲಿ ಚಕಚಕ ಆಡಿಸುವುದು ಅವರ ರೂಢಿ. ಒಳಗೆ ಅನ್ನಕ್ಕಿಡುವಾಗ ಆ ಸದ್ದು ಕೇಳಿದರೆ ಅಂಗಡಿ ನಡೆಯುತ್ತಿದೆಯೆಂದು ನನಗೆ ನೆಮ್ಮದಿ.

ಈಚೆಗೆ ಸದ್ದು ಕಡಿಮೆಯಾಗಿತ್ತು. ಕಿವಿಯ ಹಿಂದಿನ ಅಂಚು ಸೊಟ್ಟಗಾದರೆ ಮಾವ ಬಲ್ಬನ್ನು ಬೈಯುತ್ತಿದ್ದರು. ಬಲ್ಬು ಬದಲಾಯಿತು, ಕುರ್ಚಿ ಬಾಗಿಲ ಹತ್ತಿರಕ್ಕೆ ಸರಿಯಿತು. ಆಮೇಲೊಮ್ಮೆ ಗಿರಾಕಿಯ ಕೆನ್ನೆಯಲ್ಲಿ ರಕ್ತ ಜಿನುಗಿತು. ಅವತ್ತೇ ಮಾವ ಕ್ಷೌರದ ಕತ್ತಿಯನ್ನು ಮೇಲಿನ ಅಟ್ಟಣಿಗೆಗೆ ಎತ್ತಿಟ್ಟರು. ಕಣ್ಣ ಮೇಲೆ ಇಳಿದ ಕೂದಲು ತೋರಿಸುತ್ತ ಪುಟ್ಟಿ ಬಂದರೆ ನಾಳೆ ಎನ್ನುತ್ತಿದ್ದರು. ಆ ನಾಳೆ ಬರಲೇ ಇಲ್ಲ.

ನಾನು ಬಿಡಲಿಲ್ಲ, ಅವರನ್ನು ಕನ್ನಡಕದಂಗಡಿಗೆ ಹೊರಡಿಸಿದೆ. ಅಲ್ಲಿನ ಹುಡುಗಿ ಪುಸ್ತಕ ಹಿಡಿಸಿ ಓದಿಸಿ ಕನ್ನಡಕ ಮಾಡಿಕೊಟ್ಟಳು. ಮಾವ ಮನೆಗೆ ಬಂದವರೇ ಪೌಡರ್ ಡಬ್ಬಿಯ ಸಣ್ಣಕ್ಷರವನ್ನೆಲ್ಲ ಗಟ್ಟಿಯಾಗಿ ಓದಿದರು. ಆಮೇಲೆ ಅತ್ತೆಯ ಹತ್ತಿರ ಹೋಗಿ ಮುಖ ನೋಡಿದರು.

"ಏನೇ, ಗಲ್ಲದ ಮೇಲೆ ಮಚ್ಚೆ ಇದೆಯಲ್ಲ?"

"ಮದುವೆಗೆ ಮುಂಚಿನಿಂದ ಇದೆ. ಇಷ್ಟು ದಿನ ಯಾರ ಮುಖ ನೋಡ್ತಿದ್ರಿ?" ಎಂದರು ಅತ್ತೆ.

ಆದರೆ ಅಂಗಡಿಯಲ್ಲಿ ಆಟ ಕೆಟ್ಟಿತು. ಗಿರಾಕಿಯ ತಲೆ ಮಸುಕು, ಕನ್ನಡಿ ಪೂರ್ತಿ ಮಂಜು. ಮಾವ ಬಗ್ಗಿ ಬಗ್ಗಿ ಮೂಗು ಕುತ್ತಿಗೆಗೆ ತಾಗುವಷ್ಟಾದಾಗ, ಗುಟ್ಟೇನಾದರೂ ಹೇಳುವುದಿದೆಯಾ ಅಣ್ಣ ಎಂದು ಗಿರಾಕಿ ನಕ್ಕ. ಮಾವ ನಗಲಿಲ್ಲ. ಒಳಬಂದು ಕನ್ನಡಕ ತೆಗೆದಿಟ್ಟರು.

"ಕನ್ನಡಕಕ್ಕೂ ಬಗ್ಗದ ಕಣ್ಣು ಕಣಮ್ಮ ಇದು. ಇನ್ನು ಅಂಗಡಿಗೆ ಬೀಗ ಹಾಕೋದೇ."

ಪುಟ್ಟಿಯ ಬಟ್ಟೆ ಮಡಚುತ್ತಿದ್ದ ನನ್ನ ಕೈ ನಿಂತಿತು. ಡಬ್ಬಿ ಓದುವಾಗ ಅವರು ಅದನ್ನು ಮುಖದ ಹತ್ತಿರ ಹಿಡಿದಿದ್ದು ನೆನಪಾಯಿತು. ಕತ್ತರಿಯಾದರೋ ತೋಳು ಚಾಚಿದಷ್ಟು ದೂರದಲ್ಲಿ ಆಡುತ್ತದೆ.

"ಮಾವ, ನಿಮ್ಮ ಕೆಲಸ ಏನು ಅಂತ ಆ ಹುಡುಗಿಗೆ ಹೇಳಿದ್ರಾ?"

"ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ."

ಕತ್ತರಿ, ಬಾಚಣಿಗೆ ಚೀಲಕ್ಕೆ ಹಾಕಿಕೊಂಡು ಮತ್ತೆ ಹೊರಟೆವು. ಅಲ್ಲಿ ನಾನೇ ಗಿರಾಕಿಯಾಗಿ ಕುಳಿತೆ. ಮಾವ ಹಿಂದೆ ನಿಂತು ಕತ್ತರಿ ಎತ್ತಿದರು. ಹುಡುಗಿ ಅವರ ಕಣ್ಣಿನಿಂದ ಕತ್ತರಿಯವರೆಗೆ ಟೇಪು ಹಿಡಿದಳು, ಕನ್ನಡಿ ಎಷ್ಟು ದೂರವೆಂದೂ ಕೇಳಿದಳು. ಕೇಳದೆ ಹೋದದ್ದು ತನ್ನದೇ ತಪ್ಪು ಎಂದು ಹೊಸ ಗಾಜು ಹಾಕಿಸಿಕೊಟ್ಟಳು: ಮೇಲ್ಭಾಗದಲ್ಲಿ ಕನ್ನಡಿ ಕಾಣುವಂತೆ, ಕೆಳಭಾಗದಲ್ಲಿ ಕತ್ತರಿ. ಬಳಸುವ ರೀತಿಯನ್ನೂ ಹೇಳಿಕೊಟ್ಟಳು: ಪಕ್ಕಕ್ಕೆ ನೋಡುವಾಗ ಬರೀ ಕಣ್ಣು ಹೊರಳಿಸಬೇಡಿ, ತಲೆಯನ್ನೇ ತಿರುಗಿಸಿ. ಮೊದಮೊದಲು ತಲೆ ಸುತ್ತಿದಂತಾಗುತ್ತದೆ, ಮೆಟ್ಟಿಲಲ್ಲಿ ಜೋಪಾನ. ಗಾಜು ಕೆಳಗೆ ಮಾಡಿ ಇಡಬೇಡಿ. ಅಂಗಿ ತುದಿಯಲ್ಲಿ ಒರೆಸದೆ ನೀರಲ್ಲಿ ತೊಳೆಯಿರಿ. ಬಗ್ಗಿದಾಗ ಜಾರದಂತೆ ಕಡ್ಡಿಗಳನ್ನೂ ಬಿಗಿ ಮಾಡಿದಳು.

ಎದ್ದ ಕೂಡಲೇ ಹಾಕಿಕೊಂಡು ಮಾವ ಕೆಲವು ದಿನ ಮನೆಯಲ್ಲೇ ಓಡಾಡಿದರು. ಹೊಸಿಲು ಎತ್ತರ ಕಂಡು ಬಾತುಕೋಳಿಯಂತೆ ಕಾಲೆತ್ತಿ ದಾಟುತ್ತಿದ್ದರು. ಪುಟ್ಟಿಯೂ ಹಿಂದೆಯೇ ಹಾಗೆಯೇ ದಾಟುತ್ತಿದ್ದಳು.

ಇವತ್ತು ಬೆಳಿಗ್ಗೆ ಅವರೇ ಅವಳನ್ನೆತ್ತಿ ಕುರ್ಚಿಯ ಕೈಗಳ ಮೇಲೆ ಅಡ್ಡಲಾಗಿಟ್ಟ ಹಲಗೆಯಲ್ಲಿ ಕೂರಿಸಿದರು. ಚಕಚಕ ಶುರುವಾಯಿತು. ಅತ್ತೆ, ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಹುಬ್ಬಿನ ಮೇಲೆ ಕೂದಲು ಗೆರೆ ಎಳೆದಂತೆ ನಿಂತಿತು.

"ತಾತ, ನನ್ನ ಕೂದಲು ನಿನ್ನ ಕನ್ನಡಕದ ಮೇಲೆ ಕೂತಿದೆ."

ಮಾವನ ಕೈ ಅಂಗಿ ತುದಿಗೆ ಹೋಯಿತು. ಅತ್ತೆ ಕೆಮ್ಮಿದರು. ಮಾವ ತೆಪ್ಪಗೆ ನಲ್ಲಿಗೆ ಹೋಗಿ ತೊಳೆದು ಬಂದರು. ಮೂಗಿಗೆ ಕನ್ನಡಕ ಏರಿಸಿ, ಅಟ್ಟಣಿಗೆಗೆ ಕೈ ಚಾಚಿ, ಕ್ಷೌರದ ಕತ್ತಿಯನ್ನು ಕೆಳಗಿಳಿಸಿದರು.