ಅಪ್ಪ ಕರಡಿ ವಾಪಸು ಬರುವ ಜಾಗ

ನಮ್ಮ ಮನೆಯವರು ತಿರುಮಣಿ ಕಡೆಯ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಕೆಲಸ ಮಾಡುತ್ತಿದ್ದರು. ಭಾನುವಾರ ಮಾತ್ರ ರಜೆ. ಅವತ್ತು ಉಂಡಾದ ಮೇಲೆ, ಎರಡನೇ ಕ್ಲಾಸು ಓದುವ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊಬೈಲಿನಲ್ಲಿ ಕಾರ್ಟೂನ್ ಸಿನಿಮಾ ನೋಡುವರು. ಯಾವಾಗಲೂ ಅದೇ ಸಿನಿಮಾ, ಒಂದು ಕರಡಿ ಮರಿಯ ಕತೆ. ಶುರುವಿನಲ್ಲೇ ಬಂಡೆ ಉರುಳಿ ಅಪ್ಪ ಕರಡಿ ಸಾಯುತ್ತದೆ. ಕೊನೆಯಲ್ಲಿ ಮಂಜಿನೊಳಗಿಂದ ನಡೆದು ಬಂದು ಮರಿಯ ಪಕ್ಕ ಕೂರುತ್ತದೆ. ಆ ಜಾಗ ಬಂದ ಕೂಡಲೇ ಅವರು ಬೆರಳಿಟ್ಟು ಸಿನಿಮಾವನ್ನು ಮುಂದಕ್ಕೆ ಓಡಿಸುತ್ತಿದ್ದರು.

“ಇದ್ರಲ್ಲಿ ಏನೋ ಹುನ್ನಾರ ಐತೆ ಕಣೆ. ಎಲ್ಲಾ ಕಾರ್ಟೂನಲ್ಲೂ ಅಪ್ಪನ್ನೋ ಅಮ್ಮನ್ನೋ ಸಾಯಿಸ್ತಾರೆ, ಆಮೇಲೆ ವಾಪಸ್ ಕರ್ಕೊಂಡ್ ಬತ್ತಾರೆ. ಮಕ್ಳು ನಂಬ್ಕೊಂಡ್ ಕೂತ್ಕೊತಾವೆ. ಸತ್ತೋರು ಎಲ್ಲಾದ್ರೂ ಬತ್ತಾರಾ?”

“ನಿಮ್ಮಪ್ಪನ್ನ ಮಣ್ಣು ಮಾಡಿದ್ ಗುಡ್ಡೆ ಮೇಲೆ ಎಡೆ ಇಕ್ಕಿ ಕಾಗೆ ಕಾಯ್ಕೊಂಡ್ ಕೂತಿದ್ರಲ್ಲ, ಅದ್ಯಾವ ಹುನ್ನಾರ?” ಅನ್ನುತ್ತಿದ್ದೆ ನಾನು.

“ಅದು ಬೇರೆ, ಇದು ಬೇರೆ ಬುಡು.”

“ಹೆಂಗೆ ಬೇರೆ?”

ಅವರು ಚುರುಮುರಿ ಬಾಯಿಗೆ ಹಾಕಿಕೊಂಡು ನಗುವರು. ಮಗಳು ನಮ್ಮಿಬ್ಬರ ಮುಖ ನೋಡುವಳು.

ಈ ಬೇಸಿಗೆಯಲ್ಲಿ ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕೂತರಂತೆ. ಪಾವಗಡದ ಆಸ್ಪತ್ರೆ ತಲುಪುವ ಹೊತ್ತಿಗೆ ಮುಗಿದಿತ್ತು.

ಮಗಳು ಅಳಲಿಲ್ಲ, ಏನೂ ಕೇಳಲಿಲ್ಲ. ಬೀದಿಯಲ್ಲಿ ಬೈಕಿನ ಸದ್ದಾದರೆ ಬಾಗಿಲ ಕಡೆ ನೋಡುವಳು. ಕರಡಿ ಮರಿಯಂತೆ ಇವಳೂ ಕಾಯುತ್ತಿದ್ದಾಳೆ ಅನಿಸಿ ನನಗೆ ಹೆದರಿಕೆಯಾಯಿತು. ಬರುತ್ತಾರೆ ಅಂದರೆ ಸುಳ್ಳು. ಬರುವುದಿಲ್ಲ ಅನ್ನಲು ನನಗೇ ಬಾಯಿ ಬರುತ್ತಿರಲಿಲ್ಲ.

ಹಾಲುತುಪ್ಪದ ದಿನ ಹೊಲದ ಬದುವಿನಲ್ಲಿ ಅವರನ್ನು ಮಣ್ಣು ಮಾಡಿದ ಗುಡ್ಡೆಯ ಮೇಲೆ ಹಾಲು ತುಪ್ಪ ಬಿಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಗೆ ಬಡಿಸಿದೆವು. ಮಗಳು ತಾನೇ ಒಂದು ಹಿಡಿ ಚುರುಮುರಿ ಇಟ್ಟಳು. ದೂರ ಸರಿದು ನಿಂತೆವು. ಕಾಗೆ ಮುಟ್ಟಿದರೆ ಹೋದವರು ಬಂದು ಉಂಡ ಹಾಗೆ. ಹೊಂಗೆ ಮರದ ಮೇಲೆ ಎರಡು ಕಾಗೆ ಕೂತಿದ್ದವು. ಒಂದೂ ಇಳಿಯಲಿಲ್ಲ.

“ಏನೋ ಆಸೆ ಉಳ್ಕೊಂಡೈತೆ. ಮಗೀನ ಚೆಂದಾಗಿ ನೋಡ್ಕೊತೀನಿ ಅಂತ ಹೇಳಮ್ಮ, ಬತ್ತಾನೆ,” ಅಂದರು ನಮ್ಮತ್ತೆ.

ಹೇಳಿದೆ. ಬರಲಿಲ್ಲ. ನಾದಿನಿಯೂ ಕೈಮುಗಿದು ಏನೇನೋ ಮಾತು ಕೊಟ್ಟಳು. ಬಿಸಿಲು ಏರಿತು. ಮುದ್ದೆ ಒಣಗುತ್ತಿತ್ತು.

ಮಗಳು ಅಜ್ಜಿಯ ಸೆರಗು ಎಳೆದಳು. “ಅಪ್ಪ ಬರಲ್ಲ ಕಣಜ್ಜಿ. ಸತ್ತೋರು ಬರಲ್ಲ ಅಂತ ಅಪ್ಪನೇ ಹೇಳಿತ್ತು.”

ಅವಳಿಗೆ ಏನು ಹೇಳಲಿ ಅಂತ ನಾನು ಇಷ್ಟು ದಿನ ದಿಕ್ಕುತಪ್ಪಿದ್ದೆ. ಅವರು ಆಗಲೇ ಹೇಳಿ ಹೋಗಿದ್ದರು. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಸತ್ತವರು ಬರುವುದಿಲ್ಲ ಅನ್ನುವ ಆ ವಾದದಲ್ಲಿ ಅವರು ಸೋಲಲಿ ಅಂತಲೇ ನಾನು ಮರದ ಕಡೆ ನೋಡುತ್ತಿದ್ದೆ.

ಹೊರಟ ಮೇಲೆ ತಿರುಗಿ ನೋಡಬಾರದು ಅನ್ನುತ್ತಾರೆ. ನಾನು ನೋಡಿದೆ. ಎಡೆ ಇಟ್ಟಲ್ಲೇ ಇತ್ತು.

ಮುಂದಿನ ಭಾನುವಾರ ಮಗಳು ಅವರ ಮೊಬೈಲು ತಂದು ನನ್ನ ಪಕ್ಕ ಕೂತಳು. ಅದೇ ಸಿನಿಮಾ. ಮಂಜು ಕಾಣಿಸಿದಾಗ ಅವಳ ಬೆರಳು ಮೇಲೆದ್ದು ಅಲ್ಲೇ ನಿಂತಿತು.

“ಓಡಿಸ್ಲಾ, ಬುಡ್ಲಾ?”

“ಬುಡು,” ಅಂದೆ.

ಅಪ್ಪ ಕರಡಿ ಬರುವುದನ್ನು ನಾವು ಮೊದಲ ಸಲ ಪೂರ್ತಿ ನೋಡಿದೆವು. ನನ್ನ ಕಣ್ಣು ತುಂಬಿದ್ದನ್ನು ಕಂಡು ಮಗಳು ಮೊಬೈಲನ್ನು ನನ್ನ ಹತ್ತಿರಕ್ಕೆ ಸರಿಸಿದಳು.

“ಅದು ಸುಳ್ಳು ಕಣಮ್ಮ. ಆದ್ರೂ ನೀನು ನೋಡು.”