ನಾರ್ವೆಯ ಅಣ್ಣತಮ್ಮಂದಿರ ದೋಣಿಯಲ್ಲಿ

ನೀರೆಂದರೆ ನನಗೆ ಮೊದಲಿಂದಲೂ ಹೆದರಿಕೆ. ಧಾರವಾಡದಲ್ಲಿದ್ದಾಗ ಕೆಲಗೇರಿ ಕೆರೆಯ ದಂಡೆಗೆ ಹೋದರೂ ನೀರಿಗೆ ಕಾಲಿಟ್ಟವಳಲ್ಲ. ಅಂಥವಳು ಮೆಲ್ಬರ್ನಿನ ಕೊಲ್ಲಿಯಲ್ಲಿ, ಎಂಜಿನ್ನೇ ಇಲ್ಲದ ಹಾಯಿದೋಣಿ ಹತ್ತಿದ್ದಕ್ಕೆ ನನ್ನ ಬಾಯಿಯೇ ಕಾರಣ.

ಮೆಲ್ಬರ್ನಿನ ಹೊರವಲಯದ ವೆರಿಬೀಯಲ್ಲಿ ನಾನು ಫಿಸಿಯೋಥೆರಪಿಸ್ಟ್. ಭುಜದ ನೋವೆಂದು ಬಂದ, ಎಪ್ಪತ್ತು ದಾಟಿದ ನಾರ್ವೆಯವರೊಬ್ಬರಿಗೆ ಆರು ವಾರ ಹಗ್ಗ ಎಳೆಯಕೂಡದೆಂದು ಕಟ್ಟಪ್ಪಣೆ ಮಾಡಿದೆ. ಅವರೂ ಅವರಣ್ಣನೂ ಹರೆಯದಲ್ಲಿ ಸರಕಿನ ಹಡಗಿನಲ್ಲಿ ಸಿಡ್ನಿಗೆ ಬಂದಿಳಿದವರು. ಅಲ್ಲಿ ಸಿರಿವಂತರ ರೇಸಿನ ದೋಣಿಗಳಲ್ಲಿ ಹಾಯಿ ಎಳೆದೂ ಎಳೆದೂ ಮುದುಕರಾಗಿದ್ದರು. ಅಂಥದೇ ಒಂದು ಹಳೆಯ ಮರದ ದೋಣಿಯನ್ನು ಮೆಲ್ಬರ್ನಿಗೆ ತಂದು, ತಾವೇ ರಿಪೇರಿ ಮಾಡಿಟ್ಟುಕೊಂಡಿದ್ದರು. ಮುಂದಿನ ತಿಂಗಳು ಸಿಡ್ನಿಯಲ್ಲಿ ಹಳೆಯ ದೋಣಿಗಳ ರೇಸು. ಅಷ್ಟರಲ್ಲಿ ಅಭ್ಯಾಸ ಆಗಬೇಕಿತ್ತು.

"ನಾನು ಎಳೆಯಬಾರದು ಅಂದರೆ ನೀನೇ ಬಂದು ಎಳಿ" ಎಂದು ಚೇಷ್ಟೆ ಮಾಡಿದರು.

"ಅದೇನು ಮಹಾ, ಬರ್ತೀನಿ" ಅಂದುಬಿಟ್ಟೆ.

ಟ್ರುಗನಿನಾದ ಮನೆಯಲ್ಲಿ ಗಂಡ ಹಣೆ ಚಚ್ಚಿಕೊಂಡ. "ಈಜಾಕ ಬರೂದಿಲ್ಲ, ಏನಿಲ್ಲ. ನಿನಗ್ಯಾಕ ಬೇಕಿತ್ತು ಈ ಉಸಾಬರಿ?"

"ಹೂಂ ಅಂದೀನಿ. ಈಗ ಹೆಂಗ ಒಲ್ಲೆ ಅನ್ಲಿ?"

ಶನಿವಾರ ವಿಲಿಯಮ್ಸ್‌ಟೌನಿನ ದಕ್ಕೆಯಿಂದ ಹೊರಟೆವು. ಅಣ್ಣ, ಅಂದರೆ ಹಿರಿಯವರು, ಚುಕ್ಕಾಣಿ ಹಿಡಿದರು. ಕಿರಿಯವರು, ಅಂದರೆ ಭುಜದ ನೋವಿನವರು, ನನ್ನ ಪಕ್ಕದಲ್ಲೇ ದೋಣಿಯ ಅಂಚಿನ ಮೇಲೆ ಕುಳಿತರು. ದೊಡ್ಡ ಹಾಯಿಯ ಹಗ್ಗ ನನ್ನ ಕೈಗೆ ಬಂತು. "ಎರಡೂ ಕೈ. ನಾನು ಹೇಳದೆ ಬಿಡಕೂಡದು" ಎಂದರು ಹಿರಿಯವರು. ಅವರ ಮಾತೇ ಅಷ್ಟು.

ಗಂಟೆ ಕಳೆಯುವಷ್ಟರಲ್ಲಿ ಗಾಳಿ ಜೋರಾಯಿತು. ದೋಣಿ ಒಂದು ಮಗ್ಗುಲಿಗೆ ವಾಲಿತು. ಆ ಕಡೆಯ ಅಂಚು ನೀರಿಗೆ ತಾಗಿ, ತಣ್ಣೀರು ಕಾಲಿನ ಮೇಲೆ ಹರಿಯಿತು. ಎದುರು ಮಗ್ಗುಲು ಮೇಲೆದ್ದಿತು. ಕಿರಿಯವರು ಆ ಮೇಲಿನ ಅಂಚಿನಲ್ಲಿ ಹೊರಕ್ಕೆ ಬೆನ್ನು ಚಾಚಿ, ತಮ್ಮ ಭಾರದಿಂದ ದೋಣಿಯನ್ನು ತೂಗಿಸುತ್ತಿದ್ದರು. ಹಗ್ಗ ನನ್ನ ತೋಳು ಕೀಳುತ್ತಿತ್ತು. ಸವದತ್ತಿ ಎಲ್ಲಮ್ಮನಿಗೆ ಮನಸ್ಸಿನಲ್ಲೇ ಉಧೋ ಉಧೋ ಅಂದೆ.

ಆಗ ನನ್ನ ಕಾಲು ಜಾರಿ ಕಿರಿಯವರ ಮೊಣಕಾಲಿಗೆ ಬಡಿಯಿತು.

ಹಿರಿಯರಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಇದನ್ನು ನನಗೆ ಯಾರೂ ನೆನಪಿಸಬೇಕಾಗಿಲ್ಲ, ಕೈಗೇ ಗೊತ್ತು. ಬಲಗೈ ಹಗ್ಗ ಬಿಟ್ಟು ಅವರ ಮೊಣಕಾಲು ಮುಟ್ಟಿ ಕಣ್ಣಿನ ಹತ್ತಿರ ಬಂದಿತ್ತು. ಎಡಗೈಯೊಂದರಿಂದ ಹಗ್ಗ ನಿಲ್ಲಲಿಲ್ಲ, ಅಂಗೈ ಸುಲಿದುಕೊಂಡು ಓಡಿತು. ಹಾಯಿಯ ಗಾಳಿಯೆಲ್ಲ ಸೋರಿ, ವಾಲಿದ್ದ ದೋಣಿ ಥಟ್ಟನೆ ನೆಟ್ಟಗಾಯಿತು. ಕಿರಿಯವರು ಬೆನ್ನ ಮೇಲಾಗಿ ನೀರಿಗೆ ಬಿದ್ದರು.

ನಾನು ಕಿರುಚಿದೆ. ಹಿರಿಯವರು ಕಿರುಚಲಿಲ್ಲ, ತಮ್ಮನ ಮೇಲಿಂದ ಕಣ್ಣು ತೆಗೆಯದೆ ದೋಣಿ ತಿರುಗಿಸಿದರು. ಲೈಫ್ ಜಾಕೆಟ್ ಉಬ್ಬಿ ತಲೆ ತೇಲುತ್ತಿತ್ತು. ಅಲೆ ಬಂದಾಗ ಅದೂ ಕಾಣುತ್ತಿರಲಿಲ್ಲ. ಕೊಂದೆನಲ್ಲಪ್ಪಾ ಅಂದುಕೊಂಡೆ. ಒಮ್ಮೆ ಹತ್ತಿರ ಬಂದು ಕೈಗೆ ಸಿಗದೆ ಹೋದರು. ಎರಡನೆಯ ಸಲ ಜಾಕೆಟ್ಟಿನ ಪಟ್ಟಿ ಸಿಕ್ಕಿತು. ನಾವಿಬ್ಬರೂ ಸೇರಿ, ಮೂಟೆ ಎಳೆದಂತೆ ಒಳಗೆಳೆದುಕೊಂಡೆವು. ತುಟಿ ನೀಲಿಗಟ್ಟಿತ್ತು, ಮಾತು ತೊದಲುತ್ತಿತ್ತು. ರೇಡಿಯೋದಲ್ಲಿ ಸಹಾಯ ಕೇಳಿದರೆ, ನೀವೇ ದಡಕ್ಕೆ ಬರುವುದು ಬೇಗ, ಆಂಬ್ಯುಲೆನ್ಸ್ ನಿಲ್ಲಿಸಿರುತ್ತೇವೆ ಎಂದರು ಕರಾವಳಿ ರಕ್ಷಣೆಯವರು.

"ಯಾಕೆ ಬಿಟ್ಟೆ?" ಎಂದು ಕೇಳಿದರು ಹಿರಿಯವರು.

"ಕಾಲು ತಾಗಿತು. ನಮ್ಮಲ್ಲಿ ಹಿರಿಯರಿಗೆ ಕಾಲು ತಾಗಿದರೆ ಮುಟ್ಟಿ ನಮಸ್ಕಾರ ಮಾಡಬೇಕು."

ಬೈದಿದ್ದರೆ ಚೆನ್ನಾಗಿತ್ತು. ಹಗ್ಗವನ್ನು ಮತ್ತೆ ನನ್ನ ಸುಲಿದ ಕೈಗೇ ಕೊಟ್ಟರು, ಬೇರೆ ಯಾರಿದ್ದರು? ದೋಣಿ ಮತ್ತೆ ವಾಲಿತು. ಕಾಲೂರಲು ಜಾಗವಿರಲಿಲ್ಲ. ನಾನು ಕಾಲು ಕೊಡಬೇಕಾದ ಕಡೆಯೇ ಕಿರಿಯವರನ್ನು ಹಳೆಯ ಹಾಯಿಬಟ್ಟೆ ಸುತ್ತಿ ಮಲಗಿಸಿದ್ದೆವು.

"ಅವನ ಬೆನ್ನಿಗೇ ಕಾಲು ಕೊಡು" ಎಂದರು ಹಿರಿಯವರು.

"ನನ್ನ ಕೈಲಾಗಲ್ಲ."

"ಕೊಡು!"

ಒದ್ದೆ ಶೂ ಕಳಚಿ, ಅಂಗಾಲನ್ನು ಅವರ ಬೆನ್ನಿಗೆ ಒತ್ತಿದೆ. ಎರಡೂ ಕೈಯಿಂದ ಹಗ್ಗ ಎಳೆದೆ. ಬಟ್ಟೆಯ ಒಳಗೆ ಅವರು ಗಡಗಡ ನಡುಗುತ್ತಿದ್ದುದು ಅಂಗಾಲಿಗೆ ತಿಳಿಯುತ್ತಿತ್ತು. ಚಳಿಗೆ ಸಿಕ್ಕವರು ನಡುಗುವವರೆಗೆ ಭಯವಿಲ್ಲ, ನಡುಕ ನಿಂತರೆ ಕೆಟ್ಟಿತು ಎಂದು ನಾವು ಓದಿದವರು. ದಡ ಮುಟ್ಟುವವರೆಗೂ ನಾನು ಕಾಲು ತೆಗೆಯಲಿಲ್ಲ. ನಡುಕ ಕೊಂಚ ಸಣ್ಣದಾದಾಗಲೆಲ್ಲ, ಅದು ಮತ್ತೆ ಅಂಗಾಲಿಗೆ ತಿಳಿಯುವವರೆಗೆ ಇನ್ನೂ ಜೋರಾಗಿ ಒತ್ತಿದೆ.