ಕಮಲಕ್ಕನ ಜ್ವರ ಇಳಿಸಿದ್ದು

೧೯೮೧ರಲ್ಲಿ ನಾನು ಬಂಟ್ವಾಳ ತಾಲೂಕಿನಲ್ಲಿ ಬಿ.ಸಿ.ಜಿ. ಲಸಿಕೆ ಹಾಕುವ ಟೆಕ್ನಿಷಿಯನ್ ಆಗಿದ್ದೆ. ವಯಸ್ಸು ಇಪ್ಪತ್ತಾರು. ಊರು ತುಮಕೂರಿನ ಕಡೆ, ತುಳು ಬಾರದು. ನನ್ನ ಡೈರಿಯ ಪ್ರತಿ ಪುಟದಲ್ಲೂ ನಾಲ್ಕು ಕಾಲಂ ಇರುತ್ತಿದ್ದವು: ಊರು, ಹಾಕಿದ್ದು, ಉಳಿದದ್ದು, ತೊಂದರೆ. ಕ್ಷಯ ತಡೆಯುವ ಈ ಲಸಿಕೆಯಿಂದ ಮಗುವಿಗೆ ಜ್ವರವೋ ಬಾವೋ ಬಂದರೆ ಅದು ಕೊನೆಯ ಕಾಲಂಗೆ ಹೋಗುತ್ತಿತ್ತು. ಅಂಥ ಊರಿನಲ್ಲಿ ಮುಂದಿನ ಸಲ ತಾಯಂದಿರು ಮಕ್ಕಳನ್ನು ಒಳಗೆ ಬಚ್ಚಿಡುತ್ತಿದ್ದರು. ಹಾಗಾಗಿ ಅಲ್ಲಿ ಸೊನ್ನೆ ಬಿದ್ದ ದಿನ ಕೆಲಸ ಚೆನ್ನಾಗಿ ಆಯಿತೆಂದು ನಂಬಿದ್ದೆ.

ಜೂನ್‌ನಲ್ಲಿ ಮಂಗಳೂರಿನ ಒಬ್ಬ ಸರ್ಜನ್ ನನ್ನನ್ನು ಕರೆಸಿದರು. ನರಿಕೊಂಬಿನಲ್ಲಿ ಬೀಡಿ ಕಟ್ಟುವ ಕಮಲಕ್ಕ, ನಲವತ್ತಮೂರು ವರ್ಷ, ಅವರ ರೋಗಿ. ಅಂಗಾಲಿನಲ್ಲಿ ಮೆಲನೋಮ, ಅಂದರೆ ಚರ್ಮದ ಕಪ್ಪು ಕ್ಯಾನ್ಸರ್, ಆಗಿತ್ತು. ಅದನ್ನು ಕೊಯ್ದು ತೆಗೆದ ಮೇಲೆ ಮೊಣಕಾಲಿನ ಕೆಳಗೆ ಏಳು ಗಂಟುಗಳು ಎದ್ದಿದ್ದವು. ಕೊಡಲು ಬೇರೆ ಔಷಧಿ ಇರಲಿಲ್ಲ.

“ಗಂಟುಗಳಿಗೇ ಬಿ.ಸಿ.ಜಿ. ಚುಚ್ಚಿ ನೋಡುವ,” ಎಂದರು ಸರ್ಜನ್. “ದೇಹ ಬಿ.ಸಿ.ಜಿ. ಮೇಲೆ ಸಿಟ್ಟಾದರೆ ಪಕ್ಕದ ಕ್ಯಾನ್ಸರನ್ನೂ ಬಿಡ್ಲಿಕ್ಕಿಲ್ಲ. ಕೆಲವರಿಗೆ ಹಾಗೆ ಆದದ್ದುಂಟು. ನಿಮಗೆ ಸೂಜಿಯ ಕೈ ಉಂಟು, ಲಸಿಕೆಯೂ ಉಂಟು.”

ಹದಿನೈದು ದಿನಕ್ಕೊಮ್ಮೆ ಐಸ್ ಫ್ಲಾಸ್ಕ್ ಹಿಡಿದು ಅವರ ಮನೆಗೆ ಹೋಗತೊಡಗಿದೆ. ಕಮಲಕ್ಕ ಮೊರ ತುಂಬ ಎಲೆ ಇಟ್ಟುಕೊಂಡು ಕಾಲು ಚಾಚಿ ಕೂತಿರುತ್ತಿದ್ದರು. ಸೂಜಿ ಇಳಿಯುವಾಗಲೂ ಬೆರಳು ನಿಲ್ಲುತ್ತಿರಲಿಲ್ಲ. ನನಗಾಗಿ ಶಾಲೆಯ ಕನ್ನಡ ಆಡುತ್ತಿದ್ದರು.

“ನಿಮ್ಮ ಸೂಜಿಗೆ ಹೆದರಿಕೆ ಇಲ್ಲ ಮಾರಾಯ್ರೆ. ಆ ಪುಸ್ತಕ ತೆಗೆದ್ರೆ ಮಾತ್ರ ಯಮನ ಗುಮಾಸ್ತನ ಹಾಗೆ ಕಾಣ್ತೀರಿ.”

ಎರಡನೆಯ ಸುತ್ತಿನ ನಂತರ ೧೦೨ ಡಿಗ್ರಿ ಜ್ವರ ಬಂತು. ಗಂಟುಗಳ ಸುತ್ತ ಕೆಂಪಗೆ ಊದಿ ಕೀವು ಸೋರಿತು. ಅಳತೆಪಟ್ಟಿ ಇಟ್ಟು ನೋಡಿದಾಗ ಏಳರಲ್ಲಿ ಮೂರು ಗಂಟುಗಳು ಚಿಕ್ಕವಾಗಿದ್ದವು. ಅದನ್ನೂ ಬರೆದುಕೊಂಡೆ. ಆದರೆ ನನ್ನ ಕಣ್ಣು ನೆಟ್ಟಿದ್ದು ಕೊನೆಯ ಕಾಲಂ ಮೇಲೆ. ನಾಲ್ಕು ದಿನ ಸತತ ತೊಂದರೆ. ಸಂಜೆಗೆ ಮೊರದಲ್ಲಿ ಅರ್ಧದಷ್ಟು ಎಲೆ ಹಾಗೇ ಉಳಿಯುತ್ತಿತ್ತು.

“ಈ ಜ್ವರ ಒಂದು ಇಳಿಸಿ ಕೊಡಿ,” ಎಂದು ಕಮಲಕ್ಕ ಕೇಳಿಕೊಂಡರು.

ಸರ್ಜನ್‌ಗೆ ತಿಳಿಸಬೇಕಿತ್ತು. ತಿಳಿಸಲಿಲ್ಲ. ಮೆಲ್ಕಾರ್‌ನಲ್ಲಿ ಪರಿಚಯದ ಡಾಕ್ಟರೊಬ್ಬರಿಗೆ “ಲಸಿಕೆಯ ರಿಯಾಕ್ಷನ್” ಎಂದಷ್ಟೇ ಹೇಳಿದೆ. ಕ್ಯಾನ್ಸರಿನ ಮಾತು ಎತ್ತಲಿಲ್ಲ. ಅವರು ಹತ್ತು ದಿನಕ್ಕೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟರು. ಮೂರನೆಯ ದಿನಕ್ಕೆ ಜ್ವರ ಬಿಟ್ಟಿತು, ಊತ ಇಳಿಯಿತು. ಕಮಲಕ್ಕ ಸಂತೋಷದಿಂದ ನನಗೆ ನೀರುದೋಸೆ ಬಡಿಸಿದರು. ಡೈರಿಯಲ್ಲಿ ಸೊನ್ನೆ ಬರೆದು ಕೆಳಗೆ ಗೆರೆ ಎಳೆದೆ.

ತಿಂಗಳು ಕಳೆಯುವಷ್ಟರಲ್ಲಿ ಕುಗ್ಗಿದ್ದ ಮೂರೂ ಮತ್ತೆ ಬೆಳೆದವು. ಹೊಸದಾಗಿ ಐದು ಎದ್ದವು. ಆಗ ಡೈರಿ ತೆಗೆದುಕೊಂಡು ಸರ್ಜನ್ ಬಳಿಗೆ ಹೋದೆ. ಅವರು ಅದರಲ್ಲಿದ್ದ ಮಾತ್ರೆಯ ಹೆಸರಿನ ಮೇಲೆ ಬೆರಳಿಟ್ಟರು.

“ಬಿಳಿ ರಕ್ತಕಣಗಳು ಒಂದನ್ನೊಂದು ಕರೆಯುವುದು ರಾಸಾಯನಿಕಗಳಿಂದ. ಲಿಂಫೋಕೈನ್ ಅಂತ ಹೇಳ್ತಾರೆ. ಜ್ವರ, ಊತ ಎಲ್ಲ ಆ ಕರೆಯ ಲಕ್ಷಣ. ಸ್ಟೀರಾಯ್ಡ್ ಆ ಕರೆಯನ್ನೇ ಅಡಗಿಸ್ತದೆ.” ಡೈರಿ ಮುಚ್ಚಿ ಹೇಳಿದರು: “ಈ ಮಾತ್ರೆ ಇಲ್ಲದಿದ್ದರೆ ಬದುಕ್ತಿದ್ರು ಅಂತ ನಾನು ಹೇಳುವುದಿಲ್ಲ. ಬದುಕ್ತಿರಲಿಲ್ಲ ಅಂತ ಹೇಳ್ಲಿಕ್ಕೂ ಇನ್ನು ಆಗುವುದಿಲ್ಲ.”

ಅವರ ಸೂಚನೆಯಂತೆ ಮತ್ತೆ ಚುಚ್ಚಲು ಶುರುಮಾಡಿದೆ. ಅದಕ್ಕೂ ಮೊದಲು ಕಮಲಕ್ಕನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರ ಬೆರಳು ನಿಂತದ್ದನ್ನು ನಾನು ನೋಡಿದ್ದು ಅಂದು ಮಾತ್ರ.

“ಜ್ವರ ಇಳಿಸಿ ಅಂತ ಕೇಳಿದ್ದು ನಾನೇ ಅಲ್ವಾ,” ಎಂದರು. “ಹಾಗೇ ಬರ್ಕೊಳ್ಳಿ.”

“ನೀವು ಕೇಳಿದ್ರಿ. ಕೊಡಿಸಿದ್ದು ನಾನು,” ಎಂದೆ. ಹಾಗೆಯೇ ಬರೆದೆ.

ಆ ಮೇಲೆ ಪ್ರತಿ ಸಲವೂ ಅವರು ಬಾಯಿಯಿಂದ ಥರ್ಮಾಮೀಟರ್ ತೆಗೆದು ನನ್ನ ಕೈಗಿಟ್ಟು ಕೇಳುತ್ತಿದ್ದರು: “ಇವತ್ತಾದ್ರೂ ಉಂಟಾ?”

“೯೮.೪.”

ಆರು ಸುತ್ತು ಆಯಿತು. ಊತ ಬರಲಿಲ್ಲ, ಕೆಂಪಾಗಲಿಲ್ಲ, ಜ್ವರ ಬರಲಿಲ್ಲ. ಕ್ಯಾನ್ಸರ್ ಅಷ್ಟು ಹಬ್ಬಿದ ದೇಹಕ್ಕೆ ಸಿಟ್ಟಾಗುವ ಶಕ್ತಿ ಉಳಿಯುವುದಿಲ್ಲ ಎಂದರು ಸರ್ಜನ್. ಗಂಟುಗಳು ತೊಡೆ ದಾಟಿ ಹೊಟ್ಟೆಗೆ ಹೋದವು. ೧೯೮೨ರ ಫೆಬ್ರವರಿಯಲ್ಲಿ ಕಮಲಕ್ಕ ತೀರಿಕೊಂಡರು.

ಆಗಿನಿಂದ ಐದು ವರ್ಷ ಕಳೆದಿವೆ. ಈಗ ಮೂಡುಬಿದಿರೆಯ ಕಡೆ ಲಸಿಕೆ ಹಾಕುತ್ತೇನೆ. ಡೈರಿಯ ನಾಲ್ಕನೆಯ ಕಾಲಂನ ಹೆಸರು ಬದಲಾಯಿಸಿದ್ದೇನೆ: ‘ದೇಹ ಹೇಳಿದ್ದು’. ಅಲ್ಲಿ ಏನಾದರೂ ಬಿದ್ದರೆ ಅಳಿಸುವ ಮುಂಚೆ ಬಲ್ಲವರನ್ನು ಕೇಳುತ್ತೇನೆ. ಹಳೆಯ ಡೈರಿಯಲ್ಲಿ ೧೦೨ ಇರುವ ಪುಟವನ್ನು ಧೈರ್ಯವಾಗಿ ತೆರೆಯಬಲ್ಲೆ. ಸಾಲಾಗಿ ಆರು ಸಲ ೯೮.೪ ಬರೆದ ಪುಟವನ್ನು ತೆರೆಯಲು ಇಂದಿಗೂ ಆಗುವುದಿಲ್ಲ.